ಮಲಗಿದವರ ಮನೆಯಲ್ಲಿ ಬೆಳೆದ ಹರಳು

ಇವತ್ತಿಗೂ ನಾನು ಮೈಕ್ರೋವೇವನ್ನು ಕೂಗಲು ಬಿಡುವುದಿಲ್ಲ. ಅದು ಬಾಯಿ ತೆರೆಯುವ ಮೊದಲೇ ನಾನು ಬಾಗಿಲು ತೆರೆದುಬಿಡುತ್ತೇನೆ. ಕಪಾಟಿನ ಬಾಗಿಲಿಗೆ ಬೆರಳು ಕೊಟ್ಟು ಮುಚ್ಚುತ್ತೇನೆ, ಸ್ಟೀಲ್ ತಟ್ಟೆಯ ಕೆಳಗೆ ಬಟ್ಟೆ ಹಾಸುತ್ತೇನೆ, ಯಾರ ಮನೆಗೆ ಹೋದರೂ ಅವರ ಮೆಟ್ಟಿಲಲ್ಲಿ ಕಿರುಗುಡುವ ಹಲಗೆ ಯಾವುದೆಂದು ಮೊದಲ ದಿನವೇ ಪತ್ತೆ ಮಾಡಿಬಿಡುತ್ತೇನೆ. "ಏನೇ, ಹಿಂದಿನ ಜನ್ಮದಲ್ಲಿ ಕಳ್ಳತನ ಮಾಡ್ತಿದ್ದೆಯಾ?" ಎಂದು ಗೆಳತಿಯರು ಕಾಡಿಸುತ್ತಾರೆ. ಕಳ್ಳತನವೂ ಇಲ್ಲ, ಹಿಂದಿನ ಜನ್ಮವೂ ಇಲ್ಲ. ನಾನು ಮಲಗಿದವರ ಮನೆಯಲ್ಲಿ ಬೆಳೆದವಳು, ಅಷ್ಟೆ.

ಆ ಮನೆ ಇದ್ದದ್ದು ಸ್ಯಾನ್ ಹೋಸೆಯ ಎವರ್‌ಗ್ರೀನ್‌ನಲ್ಲಿ, ಬೇಸಿಗೆ ಬಂದರೆ ಒಣಗಿ ಹಳದಿಯಾಗುವ ಗುಡ್ಡದ ಬುಡದಲ್ಲಿ. ಅಮ್ಮ ವಾಲ್ನಟ್ ಕ್ರೀಕ್ ಕಡೆಯ ಒಂದು ಆಸ್ಪತ್ರೆಯಲ್ಲಿ ನರ್ಸು. ಅಪ್ಪ ಚಿಪ್ ತಯಾರಿಸುವ ಫ್ಯಾಕ್ಟರಿಯಲ್ಲಿ ಟೆಕ್ನಿಷಿಯನ್ನು. ಇಬ್ಬರದೂ ರಾತ್ರಿ ಪಾಳಿ, ಆದರೆ ಬೇರೆ ಬೇರೆ ರಾತ್ರಿ. ಒಬ್ಬರು ಕೆಲಸಕ್ಕೆ ಹೋದ ರಾತ್ರಿ ಇನ್ನೊಬ್ಬರು ಮನೆಯಲ್ಲಿ. ಮಗಳು ಒಬ್ಬಳೇ ಇರಬಾರದು, ಕಂಡವರ ಕೈಗೆ ಮಗುವನ್ನು ಕೊಡಬಾರದು ಎಂದು ತಲೆ ಕೆಡಿಸಿಕೊಂಡು, ಮೇಲಿನವರ ಕಾಲು ಕೈ ಹಿಡಿದು ಮಾಡಿಕೊಂಡಿದ್ದ ವ್ಯವಸ್ಥೆ ಅದು. ಅವರು ಅಂದುಕೊಂಡ ಹಾಗೇ ನಡೆಯಿತು, ಇಲ್ಲವೆನ್ನಲಾರೆ. ನಾನು ಸ್ಕೂಲಿನಿಂದ ಬಂದಾಗ ಮನೆಯಲ್ಲಿ ಯಾರೂ ಇಲ್ಲ ಎಂಬ ದಿನವೇ ಇರಲಿಲ್ಲ. ಯಾರಾದರೊಬ್ಬರು ಇದ್ದೇ ಇರುತ್ತಿದ್ದರು, ಮಹಡಿಯ ಮೇಲೆ, ದಪ್ಪ ಕರ್ಟನ್ನಿನ ಹಿಂದೆ, ನಿದ್ದೆಯಲ್ಲಿ. ಒಬ್ಬರು ಏಳುವ ಹೊತ್ತಿಗೆ ಇನ್ನೊಬ್ಬರು ಮಲಗುತ್ತಿದ್ದರು. ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಕಟ್ಟಳೆ: ಮಲಗಿದವರನ್ನು ಎಬ್ಬಿಸಬಾರದು. ಬೇರೆ ಮನೆಯ ಮಕ್ಕಳಿಗೆ ಸುಳ್ಳು ಹೇಳಬೇಡ, ಕದಿಯಬೇಡ ಎಂದು ಹೇಳಿಕೊಡುತ್ತಾರಲ್ಲ, ನನಗೆ ಅದನ್ನೆಲ್ಲ ಯಾರೂ ಹೇಳಿದ ನೆನಪಿಲ್ಲ. ನನಗೆ ಹೇಳಿದ್ದು ಶ್ ಎಂಬುದೊಂದೇ.

ಊಟದ ಕೋಣೆಯಲ್ಲಿ ಆರು ಕುರ್ಚಿಯ ದೊಡ್ಡ ಟೇಬಲ್ಲಿತ್ತು. ಮನೆ ಕೊಂಡ ಹೊಸತರಲ್ಲಿ, ಹಬ್ಬ ಹುಣ್ಣಿಮೆಗೆ ಕನ್ನಡದವರನ್ನೆಲ್ಲ ಕರೆದು ಊಟ ಹಾಕಬೇಕು ಎಂದು ಅಮ್ಮ ಆಸೆಪಟ್ಟು ಆರಿಸಿದ ಟೇಬಲ್ಲು. ಯಾರನ್ನು ಕರೆಯುತ್ತೀರಿ? ಕರೆದರೆ ಒಬ್ಬರು ಮಲಗಿರುತ್ತಾರೆ. ಹಾಗಾಗಿ ಕುರ್ಚಿಗಳು ಒಂದೊಂದಾಗಿ ಸಾಮಾನಿನ ಪಾಲಾದವು. ಒಂದರ ಮೇಲೆ ಒಗೆದ ಬಟ್ಟೆ, ಒಂದರ ಮೇಲೆ ಪೇಪರ್ ಟವೆಲ್ಲಿನ ಕಟ್ಟು, ಒಂದರ ಮೇಲೆ ಅಕ್ಕಿ ಚೀಲ. ಕಿಟಕಿಗೆ ಎದುರಾದ ಕುರ್ಚಿ ಮಾತ್ರ ಖಾಲಿ ಉಳಿದಿತ್ತು, ಮೂವರೂ ಅದರಲ್ಲೇ ಕೂತು ಉಣ್ಣುತ್ತಿದ್ದೆವು, ನಮ್ಮ ನಮ್ಮ ಹೊತ್ತಿಗೆ. ಎಷ್ಟೋ ಸಲ ನಾನು ತಟ್ಟೆ ಹಿಡಿದು ಕೂತಾಗ ಕುರ್ಚಿ ಇನ್ನೂ ಬೆಚ್ಚಗಿರುತ್ತಿತ್ತು. ಓ, ಅಪ್ಪ ಈಗ ತಾನೇ ಎದ್ದು ಹೋಗಿದ್ದಾನೆ ಎಂದು ತಿಳಿಯುತ್ತಿತ್ತು. ನನಗೆ ಅದೇ ಅಪ್ಪನ ಜೊತೆ ಊಟ ಮಾಡಿದ ಹಾಗೆ. ನಗಬೇಡಿ, ಬೆಚ್ಚಗಿದ್ದ ದಿನ ನಾನು ಎರಡು ತುತ್ತು ಜಾಸ್ತಿಯೇ ಉಂಡಿದ್ದೇನೆ.

ಕುಕ್ಕರು ಕೂಗುತ್ತದೆಂದು ನಮ್ಮಲ್ಲಿ ಬೇಳೆಯನ್ನು ಪಾತ್ರೆಯಲ್ಲೇ ಬೇಯಿಸುತ್ತಿದ್ದರು. ಅಡುಗೆಮನೆಯ ಕಪಾಟಿನೊಳಗಿದ್ದ ದೇವರ ಮುಂದಿನ ಗಂಟೆಯ ನಾಲಿಗೆಗೂ ಅಮ್ಮ ಹತ್ತಿ ಸುತ್ತಿ ದಾರ ಕಟ್ಟಿದ್ದಳು. ಪೂಜೆಯ ಹೊತ್ತಿಗೆ ಅದನ್ನು ಅಲ್ಲಾಡಿಸಿದರೆ ಪುಸ್ ಪುಸ್ ಎನ್ನುತ್ತಿತ್ತು. ದೇವರೂ ಪಾಪ ರಾತ್ರಿ ಪಾಳಿಯವನೇ ಇರಬೇಕು ಎಂದುಕೊಂಡಿದ್ದೆ. ಜಗಳಕ್ಕೂ ಒಂದು ಜಾಗ ಮಾಡಿಕೊಂಡಿದ್ದರು, ಗ್ಯಾರೇಜಿನಲ್ಲಿ ನಿಂತ ಕಾರು. ಒಬ್ಬರು ಎದ್ದು ಇನ್ನೊಬ್ಬರು ಕೆಲಸಕ್ಕೆ ಹೊರಡುವ ಸಂಜೆಯ ಆ ಚೂರು ಸಮಯದಲ್ಲಿ ಇಬ್ಬರೂ ಕಾರಿನೊಳಗೆ ಕೂತು, ಕಿಟಕಿ ಏರಿಸಿಕೊಂಡು ಬೈದಾಡುತ್ತಿದ್ದರು. ಆಗ ಮನೆಯಲ್ಲಿ ಮಲಗಿರುವವರು ಯಾರೂ ಇಲ್ಲ, ನಾನೊಬ್ಬಳೇ ಇದ್ದೇನೆ, ಅದೂ ಎಚ್ಚರವಾಗಿ. ಆದರೂ ಅಭ್ಯಾಸ. ಗ್ಯಾರೇಜಿನ ಬಾಗಿಲ ಸಂದಿಯಿಂದ ನೋಡಿದರೆ ಗಾಜಿನ ಹಿಂದೆ ಕೈಗಳು ಮಾತ್ರ ಹಾರಾಡುತ್ತಿದ್ದವು. ನಾನು ಕನ್ನಡ ಕಲಿತದ್ದೂ ಹೀಗೆ, ಪಿಸುಮಾತಿನಲ್ಲಿ. ಮುಂದೊಮ್ಮೆ ಮದುವೆಗೆಂದು ದಾವಣಗೆರೆಗೆ ಹೋದಾಗ ಅಪ್ಪನ ಕಡೆಯವರು ಒಬ್ಬರನ್ನೊಬ್ಬರು ಅಂಗಳದಾಚೆಯಿಂದ ಕೂಗಿ ಕರೆಯುವುದನ್ನು ಕೇಳಿ ಬೆಚ್ಚಿಬಿದ್ದಿದ್ದೆ. ಕನ್ನಡವನ್ನು ಇಷ್ಟು ಗಟ್ಟಿಯಾಗಿಯೂ ಆಡಬಹುದೇ ಎನಿಸಿತ್ತು.

ನಾನು ಆರನೇ ಕ್ಲಾಸಿನಲ್ಲಿದ್ದಾಗ ವಿಶ್ವವಿದ್ಯಾಲಯದ ಮೆಟೀರಿಯಲ್ಸ್ ಸೈನ್ಸ್ ಸೆಂಟರಿನವರು ನಮ್ಮ ಸ್ಕೂಲಿಗೆ ಬಂದರು. ಲೋಹ, ಗಾಜು, ಪ್ಲಾಸ್ಟಿಕ್ಕು ಇವೆಲ್ಲ ಒಳಗೆ ಹೇಗಿವೆ, ಯಾಕೆ ಹಾಗಿವೆ ಎಂದು ಹುಡುಕುವ ಜಾಗ ಅದು. ಮಕ್ಕಳಿಗೂ ಅದರ ರುಚಿ ಹತ್ತಲಿ ಎಂದು ಸ್ಕೂಲು ಸ್ಕೂಲು ತಿರುಗುತ್ತಿದ್ದರು. ಬಂದವರಲ್ಲಿ ತಲೆಗೆ ನೀಲಿ ಸ್ಕಾರ್ಫು ಸುತ್ತಿದ್ದ ಒಬ್ಬಳಿದ್ದಳು, ಸಬೀಹಾ. ಮೈಸೂರಿನವಳು, ಅಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಅವಳು ಒಂದು ತಂತಿಯನ್ನು ನನ್ನ ಕೈಗೆ ಕೊಟ್ಟು ಬೇಕಾದ ಹಾಗೆ ತಿರುಚು ಎಂದಳು. ತಿರುಚಿದೆ. ಬಿಸಿನೀರಿಗೆ ಹಾಕಿದಳು. ತಂತಿ ಮೈಮುರಿದು ಮತ್ತೆ ಮೊದಲಿನಂತೆ ನೆಟ್ಟಗಾಯಿತು. ಕ್ಲಾಸಿಗೆ ಕ್ಲಾಸೇ ಹೋ ಎಂದು ಕಿರುಚಿತು. ನಾನು ಕಿರುಚಲಿಲ್ಲ. ಅವಳು ನನ್ನ ಎದೆಯ ಮೇಲಿನ ಹೆಸರಿನ ಚೀಟಿ ನೋಡಿ ಬಗ್ಗಿದಳು.

"ಮೇಘನಾ... ಕನ್ನಡದವಳಾ ನೀನು?"

"ಯೆಸ್."

"ಮತ್ತೆ ಕನ್ನಡದಲ್ಲಿ ಹೇಳಮ್ಮಾ! ಯಾಕೆ ಸುಮ್ನೆ ಇದ್ದೀಯ? ಇಷ್ಟ ಆಗ್ಲಿಲ್ವಾ?"

"ಆಯ್ತು," ಎಂದೆ, ಪಿಸುಗುಟ್ಟುತ್ತ.

"ಹಾಂ? ಏನಂದೆ?" ಎಂದು ಅವಳು ಕಿವಿಯನ್ನು ನನ್ನ ಬಾಯಿಯ ಹತ್ತಿರ ತಂದಳು. ಹಾಗೆ ನನ್ನ ಮಾತಿಗೆ ಕಿವಿ ತಂದವರು ಅದಕ್ಕೆ ಮೊದಲು ಇರಲಿಲ್ಲ. ಮರುವಾರದಿಂದಲೇ ನಾನು ಅವರ ಶನಿವಾರದ ಕ್ಲಾಸಿಗೆ ಸೇರಿಕೊಂಡೆ.

ಕ್ಲಾಸು ನಡೆಯುತ್ತಿದ್ದದ್ದು ವಿಶ್ವವಿದ್ಯಾಲಯದಲ್ಲೇ, ನಮ್ಮ ಮನೆಯಿಂದ ಫ್ರೀವೇ ಹಿಡಿದು ಹೋಗಬೇಕು. ಅಪ್ಪನೋ ಅಮ್ಮನೋ, ಅವತ್ತು ಯಾರ ಕಣ್ಣು ತೆರೆದಿರುತ್ತದೋ ಅವರು ಬಿಟ್ಟು ಬರುತ್ತಿದ್ದರು. ಮೊದಲ ದಿನವೇ ಪ್ರತಿಯೊಬ್ಬರಿಗೂ ಒಂದು ಗಾಜಿನ ಜಾಡಿ, ಒಂದು ಪೊಟ್ಟಣ ಬಿಳಿ ಪುಡಿ, ತೆಳ್ಳನೆಯ ನೈಲಾನ್ ದಾರದ ತುದಿಗೆ ಕಟ್ಟಿದ ಸಾಸಿವೆಯಷ್ಟು ಚಿಕ್ಕ ಹರಳು ಕೊಟ್ಟರು. ಪುಡಿಯನ್ನು ಬಿಸಿನೀರಿನಲ್ಲಿ ಇನ್ನು ಕರಗಲಾರದು ಎನ್ನುವವರೆಗೆ ಕರಗಿಸಬೇಕು, ಸೋಸಬೇಕು, ತಣ್ಣಗಾದ ಮೇಲೆ ಹರಳನ್ನು ನೀರಿನ ನಡುವೆ ಇಳಿಬಿಡಬೇಕು. ಆಮೇಲೆ ನಮ್ಮ ಕೆಲಸ ಏನೂ ಮಾಡದೆ ಇರುವುದು. ನೀರಿನಲ್ಲಿದ್ದದ್ದು ಒಂದೊಂದೇ ಪದರವಾಗಿ ಬಂದು ಹರಳಿಗೆ ಕೂರುತ್ತದೆ. ಜಾಡಿ ಅಲುಗಿದರೆ, ಯಾರಾದರೂ ಕೈಯಾಡಿಸಿದರೆ ಕೆಟ್ಟಿತು, ತಳದಲ್ಲೆಲ್ಲ ಪುಟಾಣಿ ಹರಳುಗಳ ಗುಂಪು ಎದ್ದು ನಮ್ಮದು ಬೆಳೆಯುವುದೇ ಇಲ್ಲ.

"ಮನೇಲಿ ಯಾರೂ ಓಡಾಡದೇ ಇರೋ ಜಾಗ ಹುಡುಕಿ," ಎಂದಳು ಸಬೀಹಾ. "ಕ್ಲಾಸೆಟ್ಟೋ ಅಟ್ಟಾನೋ, ಎಲ್ಲಾದ್ರೂ."

ಮನೆಗೆ ಬಂದು ಹುಡುಕಿದೆ. ಕ್ಲಾಸೆಟ್ಟಿನ ಬಾಗಿಲು ದಿನಕ್ಕೆರಡು ಸಲ ತೆರೆಯುತ್ತದೆ, ಯೂನಿಫಾರ್ಮಿಗೆ. ಗ್ಯಾರೇಜಿನ ದೊಡ್ಡ ಬಾಗಿಲು ಎದ್ದು ಬಿದ್ದರೆ ಗೋಡೆಯೇ ನಡುಗುತ್ತದೆ. ನನ್ನ ರೂಮಿನಲ್ಲಿ ನಾನೇ ಇದ್ದೇನೆ. ಕೊನೆಗೆ ಊಟದ ಟೇಬಲ್ಲಿನ ಆ ತುದಿ ಕಣ್ಣಿಗೆ ಬಿತ್ತು, ಕಿಟಕಿಯ ಕುರ್ಚಿಗೆ ದೂರವಾದ ತುದಿ. ಅಲ್ಲಿ ಧೂಳು ಕೂಡ ಕೂತ ಹಾಗೆಯೇ ಕೂತಿತ್ತು. ಜಾಡಿಯನ್ನು ಅಲ್ಲಿಟ್ಟೆ, ಮೇಲೆ ಕಾಫಿ ಸೋಸುವ ಕಾಗದ ಮುಚ್ಚಿದೆ.

ಹರಳು ಬೆಳೆಯಿತು. ಸಾಸಿವೆ ಇದ್ದದ್ದು ಮೆಣಸಾಯಿತು, ಕಡಲೆಯಾಯಿತು. ಪಿರಮಿಡ್ಡಿಗೆ ಪಿರಮಿಡ್ಡು ಬೆನ್ನು ಕೊಟ್ಟ ಹಾಗೆ ಎಂಟು ಮುಖ ಮೂಡಿದವು. ನಾನು ಅದರ ಎದುರು ಕೂತು ಹೋಂವರ್ಕ್ ಮಾಡುತ್ತಿದ್ದೆ, ಉಸಿರು ಬಿಗಿಹಿಡಿದು. ಮನೆಯಲ್ಲಿ ನಾನು ಕಾಣುವಂತೆ ನಡೆಯುತ್ತಿದ್ದ ಏಕೈಕ ಸಂಗತಿ ಅದು. ಒಂದು ಸಂಜೆ ಅಪ್ಪ ಕೆಲಸಕ್ಕೆ ಹೊರಟವನು ಶೂ ಕೈಯಲ್ಲಿ ಹಿಡಿದುಕೊಂಡೇ ಬಂದು ಬಗ್ಗಿ ನೋಡಿದ.

"ಅಲೆಲೆ, ಇದು ಪಟಿಕ ಅಲ್ಲೇನು! ನಮ್ಮ ಊರಾಗ ಕಟಿಂಗ್ ಶಾಪಿನವ ಗಡ್ಡ ಕೆರೆದ ಮೇಲೆ ಕೆನ್ನಿಗೆ ಇದನ್ನೇ ತಿಕ್ಕತಿದ್ದ. ಉರಿ ಅಂದ್ರ ಉರಿ! ಇದನ್ನ ಬೆಳೆಸಾಕ ಅಷ್ಟು ದೂರ ಹೊಕ್ಕೀ ಏನು?"

ಪಿಸುಮಾತಿನಲ್ಲೇ ನಕ್ಕ. ಅಮ್ಮನದು ಬೇರೆ ರೀತಿ. ಅವಳು ಎದ್ದ ಮೇಲೆ ಕಾಫಿ ಲೋಟ ಹಿಡಿದು ಬಂದು ಆಸ್ಪತ್ರೆಯ ಪುಟ್ಟ ಟಾರ್ಚು ಬಿಟ್ಟು ನೋಡುತ್ತಿದ್ದಳು, ರೋಗಿಯ ಕಣ್ಣು ನೋಡುವವಳ ಹಾಗೆ. "ಇವತ್ತು ಪೇಷಂಟು ಚೆನ್ನಾಗಿದ್ದಾರೆ ಕಣೇ," ಎನ್ನುತ್ತಿದ್ದಳು. ನನಗೆ ಜೀವ ಬಂದಂತಾಗುತ್ತಿತ್ತು.

ಕೊನೆಯ ಶನಿವಾರ ಮನೆಯವರೆಲ್ಲ ಬರುವ ದಿನ. ಮಕ್ಕಳು ತಮ್ಮ ಹರಳನ್ನು ಕಪ್ಪು ಬಟ್ಟೆಯ ಮೇಲಿಟ್ಟು, ಪಕ್ಕದಲ್ಲಿ ನಿಂತು, ಬಂದವರಿಗೆ ವಿವರಿಸಬೇಕು. ನನಗೆ ಬಹುಮಾನ ಬೇಕಿರಲಿಲ್ಲ. ನನಗೆ ಬೇಕಾಗಿದ್ದದ್ದು ನನ್ನ ಟೇಬಲ್ಲಿನ ಪಕ್ಕ ನಮ್ಮ ಮನೆಯವರೊಬ್ಬರು ನಿಲ್ಲುವುದು, ಎಚ್ಚರವಾಗಿ. ಅಪ್ಪನಿಗೆ ಅವತ್ತು ರಾತ್ರಿ ಪಾಳಿ, ಹಗಲು ಮಲಗಲೇಬೇಕು. ಅಮ್ಮನನ್ನು ಕೇಳಿದೆ. ಶುಕ್ರವಾರ ರಾತ್ರಿ ಅವಳ ಪಾಳಿ, ಬೆಳಿಗ್ಗೆ ಮುಗಿಯುತ್ತದೆ.

"ಬರ್ತೀನಿ ಕಣೇ. ಆಸ್ಪತ್ರೆಯಿಂದ ಸೀದಾ ಅಲ್ಲಿಗೇ ಬಂದುಬಿಡ್ತೀನಿ. ಒಳ್ಳೆ ಬಟ್ಟೆ ಬ್ಯಾಗಲ್ಲಿ ಇಟ್ಕೊಂಡಿರ್ತೀನಿ."

"ಖಂಡಿತಾ?"

"ನಿನ್ನಾಣೆ."

ಆಣೆ ಇಟ್ಟಳಲ್ಲ, ನಾನು ವಾರವೆಲ್ಲ ನೆಲ ಮುಟ್ಟದೆ ಓಡಾಡಿದೆ, ಅದೂ ಸದ್ದಿಲ್ಲದೆ.

ಶನಿವಾರ ಅಪ್ಪ ನನ್ನನ್ನು ಬಿಟ್ಟು, "ಅಮ್ಮ ಬರ್ತಾಳ, ನಾ ಹೋಗಿ ಒಂದಿಷ್ಟು ಮಕ್ಕೊಂತೀನಿ," ಎಂದು ಹೊರಟುಹೋದ. ವಿಶ್ವವಿದ್ಯಾಲಯದ ಹಾಲ್ ಜನರಿಂದ ಗಿಜಿಗುಟ್ಟುತ್ತಿತ್ತು. ಅಜ್ಜಿಯಂದಿರು, ಸ್ಟ್ರೋಲರಿನ ಕೂಸುಗಳು, ಎಲ್ಲ ಬಂದಿದ್ದರು. ನನ್ನ ಪಕ್ಕದ ಹುಡುಗನ ಹರಳು ಮಂಜು ಮುಸುಕಿದ ಹಾಗಿತ್ತು, ಅವನ ತಮ್ಮ ಜಾಡಿಯೊಳಗೆ ಚಮಚ ಹಾಕಿ ಕಲಕಿದ್ದನಂತೆ. ಕ್ಯುಪರ್ಟಿನೋದ ಹುಡುಗಿಯೊಬ್ಬಳು ಜಾಡಿಯನ್ನು ಪಿಯಾನೋ ಮೇಲಿಟ್ಟಿದ್ದಳು, ಅಕ್ಕ ದಿನಾ ಬಾರಿಸುತ್ತಾಳೆ, ಹರಳಿಗೆ ಮೈತುಂಬ ಗುಳ್ಳೆ ಎದ್ದಿತ್ತು. ತಮ್ಮನನ್ನು ಬೈದು, ಅಕ್ಕನನ್ನು ಬೈದು ಅವರವರ ಮನೆಯವರೆಲ್ಲ ನಗುತ್ತಿದ್ದರು. ನನ್ನದು ಮಾತ್ರ ನೀರಿನ ಹಾಗೆ ತಿಳಿಯಾಗಿತ್ತು. ಹಿಂದಿಟ್ಟ ಕಾಗದದ ಅಕ್ಷರವನ್ನು ಅದರೊಳಗಿಂದ ಓದಬಹುದಿತ್ತು. ಸಬೀಹಾ ಬಂದು ಎತ್ತಿ ಬೆಳಕಿಗೆ ಹಿಡಿದಳು.

"ಯಾ ಅಲ್ಲಾ! ನಮ್ಮ ಲ್ಯಾಬಲ್ಲೇ ಇಷ್ಟು ಕ್ಲಿಯರ್ ಆಗಿ ಬಂದಿಲ್ಲ. ಎಲ್ಲಿಟ್ಟಿದ್ದೆ ಇದನ್ನ?"

"ಊಟದ ಟೇಬಲ್ ಮೇಲೆ."

ಅವಳು ನಕ್ಕಳು. "ತಮಾಷೆ ಮಾಡ್ತೀಯಾ? ಊಟದ ಟೇಬಲ್ ಅಂದ್ರೆ ಮನೆಯವರೆಲ್ಲ ಬಂದು ಹೋಗಿ ಮಾಡ್ತಾರಲ್ಲಮ್ಮಾ."

"ನಮ್ಮನೇಲಿ ಯಾರೂ ಬರಲ್ಲ. ಅಂದ್ರೆ, ಇರ್ತಾರೆ. ಮಲಗಿರ್ತಾರೆ."

ಸಬೀಹಾಳ ನಗು ಅಲ್ಲೇ ನಿಂತಿತು. ಹರಳನ್ನು ಮೆಲ್ಲಗೆ ಬಟ್ಟೆಯ ಮೇಲಿಟ್ಟಳು. ಆ ಕ್ಷಣಕ್ಕೆ ನನಗೆ ನಾಚಿಕೆಯಾಯಿತು, ಯಾಕೆ ಎಂದು ಗೊತ್ತಾಗಲಿಲ್ಲ. ಅಲ್ಲಿಯವರೆಗೆ ನಮ್ಮ ಮನೆ ಎಲ್ಲರ ಮನೆಯ ಹಾಗೆಯೇ ಎಂದುಕೊಂಡಿದ್ದೆ.

"ಯಾರು ಬರ್ತಾರೆ ಇವತ್ತು?"

"ಅಮ್ಮ," ಎಂದೆ. ನೋಡಿಕೊಂಡು ಬರುತ್ತೇನೆ ಎಂದು ಹೊರಗೆ ಓಡಿದೆ.

ಪಾರ್ಕಿಂಗ್ ಲಾಟಿನ ಕೊನೆಯ ಸಾಲಿನಲ್ಲಿ, ನೀಲಗಿರಿ ಮರದ ನೆರಳಿನಲ್ಲಿ ಅಮ್ಮನ ಕಾರು ನಿಂತಿತ್ತು. ಬಂದಿದ್ದಳು! ಅವಳು ಬೇಗನೇ ಬಂದುಬಿಟ್ಟಿದ್ದಳು. ಸೀಟು ಹಿಂದಕ್ಕೆ ಒರಗಿತ್ತು. ಮೈಮೇಲೆ ಹಸಿರು ರೇಷ್ಮೆಯ ಕುರ್ತಾ, ಕಾಲಲ್ಲಿ ಇನ್ನೂ ಆಸ್ಪತ್ರೆಯ ಶೂ. ಒಂದು ಕಿವಿಗೆ ಜುಮುಕಿ ಹಾಕಿಕೊಂಡಿದ್ದಳು. ಇನ್ನೊಂದು ಅಂಗೈಯಲ್ಲೇ ಇತ್ತು. ಬಾಯಿ ಸ್ವಲ್ಪ ತೆರೆದಿತ್ತು. ಎರಡನೆಯ ಜುಮುಕಿ ಹಾಕಿಕೊಳ್ಳುವಷ್ಟರಲ್ಲಿ ನಿದ್ದೆ ಬಂದು ಎತ್ತಿಕೊಂಡು ಹೋಗಿತ್ತು.

ಗಾಜು ತಟ್ಟಲು ಕೈ ಎತ್ತಿದೆ. ಬೆರಳು ಗಾಜಿನ ತನಕ ಹೋಯಿತು. ತಟ್ಟಲಾಗಲಿಲ್ಲ. ಎಬ್ಬಿಸು, ಎಬ್ಬಿಸು ಎಂದು ನನ್ನೊಳಗೆ ಯಾರೋ ಕಿರುಚುತ್ತಿದ್ದರು, ಕೈ ಮಾತ್ರ ಕೇಳಲಿಲ್ಲ. ಶ್ ಎಂದು ನಾನೇ ನನಗೆ ಹೇಳಿಕೊಂಡೆ. ಹಿಂದೆ ಹಿಂದೆ ಹೆಜ್ಜೆಯಿಟ್ಟು, ಒಣ ಎಲೆಗಳನ್ನು ತಪ್ಪಿಸಿ, ವಾಪಸು ಬಂದೆ.

"ಬಂದಿದ್ದಾರೆ. ಕಾರಲ್ಲಿ ಮಲಗಿದ್ದಾರೆ," ಎಂದೆ ಸಬೀಹಾಗೆ.

"ಅಯ್ಯೋ, ನಡಿ, ಎಬ್ಬಿಸ್ಕೊಂಡು ಬರೋಣ."

"ಬೇಡ!"

ಸುತ್ತಲಿನವರೆಲ್ಲ ತಿರುಗಿ ನೋಡಿದರು. ನನ್ನ ಗಂಟಲಿನಲ್ಲಿ ಅಷ್ಟು ದೊಡ್ಡ ದನಿ ಇದೆ ಎಂದು ನನಗೇ ಗೊತ್ತಿರಲಿಲ್ಲ. ಸಬೀಹಾ ಮತ್ತೆ ಒತ್ತಾಯಿಸಲಿಲ್ಲ. ಮುಗಿಯುವ ತನಕ ನನ್ನ ಟೇಬಲ್ಲಿನ ಪಕ್ಕದಲ್ಲೇ ನಿಂತಳು. ಅವಳು ಒಳ್ಳೆಯವಳು, ಆದರೆ ಅವಳು ನಿಂತಷ್ಟೂ ನನಗೆ ಅಳು ಉಕ್ಕಿ ಬರುತ್ತಿತ್ತು. ಜನ ಬಂದರು, ಹೊಗಳಿದರು, ನಾನು ಹೇಳಬೇಕಾದ್ದನ್ನು ಹೇಳಿದೆ. ಎಲ್ಲ ಮುಗಿದ ಮೇಲೆ ಅವಳು ಹರಳನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು ಕೊಟ್ಟಳು. ನಾನು ಹೋಗಿ ಕಾರಿನ ಪಕ್ಕದ ಸಿಮೆಂಟು ಕಟ್ಟೆಯ ಮೇಲೆ ಕೂತೆ. ಲಾಟಿನಲ್ಲಿದ್ದ ಕಾರುಗಳು ಒಂದೊಂದಾಗಿ ಹೊರಟವು, ನೆರಳು ಸರಿದು ಬಿಸಿಲು ಅಮ್ಮನ ಮುಖಕ್ಕೆ ಬಂತು. ಆಗ ಅವಳು ಕಣ್ಣು ಬಿಟ್ಟಳು.

"ಅಯ್ಯಯ್ಯೋ, ಎಷ್ಟು ಹೊತ್ತಾಯ್ತೇ? ಶುರು ಆಗ್ಬಿಡ್ತಾ?"

"ಮುಗೀತು."

"ಮುಗೀತು ಅಂದ್ರೆ? ನೀನು ಬಂದು ನೋಡಿದ್ಯಾ ನನ್ನ? ಮತ್ತೆ ಯಾಕೇ ಎಬ್ಬಿಸಲಿಲ್ಲ?"

"ನೀನು ಮಲಗಿದ್ದೆ."

ಬೇರೆ ಏನು ಹೇಳಲಿ, ಅದೇ ನಿಜ. ಅಮ್ಮ ನನ್ನ ಮುಖವನ್ನೇ ನೋಡಿದಳು. ಅಂಗೈಯ ಜುಮುಕಿಯನ್ನು ನೋಡಿದಳು. ಆಮೇಲೆ ಸ್ಟೀರಿಂಗಿಗೆ ಹಣೆ ಹಚ್ಚಿ ಅತ್ತಳು, ಜೋರಾಗಿ, ಮನೆಯಲ್ಲಿ ಎಂದೂ ಅಳದ ಹಾಗೆ. ನನಗೆ ಭಯವಾಯಿತು. ಏನೋ ದೊಡ್ಡ ತಪ್ಪು ನಡೆದಿದೆ, ಯಾರದೆಂದು ತಿಳಿಯುತ್ತಿಲ್ಲ.

ಮನೆಗೆ ಬಂದಾಗ ಅಪ್ಪ ಮಲಗಿದ್ದ. ಎಂದಿನಂತೆ ಇಬ್ಬರೂ ಶೂ ಕೈಯಲ್ಲಿ ಹಿಡಿದು ಒಳಗೆ ಬಂದೆವು. ನಾನು ಹರಳನ್ನು ಡಬ್ಬಿಯಿಂದ ತೆಗೆದು ಟೇಬಲ್ಲಿನ ಆ ತುದಿಯಲ್ಲಿ, ಅದರ ಜಾಗದಲ್ಲೇ ಇಟ್ಟೆ. ಅಮ್ಮ ಅಡುಗೆಮನೆಗೆ ಹೋದಳು. ಕಪಾಟು ತೆರೆದ ಸದ್ದು, ದಾರ ಕಿತ್ತ ಸದ್ದು. ಆಮೇಲೆ, ದೇವರೇ, ಗಂಟೆ! ಮುಂದಿನ ವಾರ ಅವಳು ಅದಕ್ಕೆ ಮತ್ತೆ ಹತ್ತಿ ಸುತ್ತಿದಳು, ಅದು ಬೇರೆ ಮಾತು. ಅವತ್ತು ಮಾತ್ರ ಕಿವಿ ಗುಂಯ್‌ಗುಡುವ ಹಾಗೆ ಬಾರಿಸಿದಳು, ಒಂದೇ ಕಿವಿಯ ಜುಮುಕಿ ಕುಣಿಯುತ್ತಿತ್ತು. ಮಹಡಿಯ ಮೇಲೆ ಏನೋ ಬಿತ್ತು. ಅಪ್ಪ ಲುಂಗಿ ಕಟ್ಟಿಕೊಳ್ಳುತ್ತಲೇ ದಡಬಡ ಇಳಿದು ಬಂದ.

"ಏನಾತು? ಬೆಂಕಿ ಬಿತ್ತೇನು?"

"ಬೆಂಕಿನೂ ಇಲ್ಲ, ಏನೂ ಇಲ್ಲ. ನಿಮ್ಮ ಮಗಳು ಏನೋ ತೋರಿಸ್ಬೇಕು. ಬನ್ನಿ, ಕೂತ್ಕೊಳ್ಳಿ."

ಅಪ್ಪ ಅವಳ ಮುಖ ನೋಡಿದ, ನನ್ನ ಮುಖ ನೋಡಿದ. ಮೂವರೂ ಟೇಬಲ್ಲಿನ ಕಡೆ ಹೋದೆವು. ಕಿಟಕಿಯ ಎದುರಿನ ಕುರ್ಚಿಯ ಬೆನ್ನಿನ ಮೇಲೆ ಅಪ್ಪ ಕೈ ಇಟ್ಟ. ಅದರ ಪಕ್ಕದಲ್ಲೇ ಅಮ್ಮನ ಕೈ ಬಂತು. ನಾನೂ ಎಳೆದುಕೊಳ್ಳಲು ಅದಕ್ಕೇ ಕೈ ಚಾಚಿದ್ದೆ. ಮೂವರೂ ಹಾಗೇ ನಿಂತುಬಿಟ್ಟೆವು.

"ನೀ ಕುಂದ್ರು," ಎಂದ ಅಪ್ಪ.

"ಇಲ್ಲ, ನೀವು ಕೂತ್ಕೊಳ್ಳಿ," ಎಂದಳು ಅಮ್ಮ.

ಯಾರೂ ಕೂರಲಿಲ್ಲ. ನಾನು ಪಕ್ಕದ ಕುರ್ಚಿಯ ಬಟ್ಟೆಯನ್ನೆಲ್ಲ ನೆಲಕ್ಕೆ ಸುರಿದೆ. ಅಪ್ಪ ಇನ್ನೊಂದು ಕುರ್ಚಿಯ ಮೇಲಿದ್ದ ಅಕ್ಕಿ ಚೀಲವನ್ನು ಎತ್ತಿ ಧೊಪ್ಪನೆ ಕೆಳಗೆ ಹಾಕಿದ. ಟೇಬಲ್ಲು ನಡುಗಿತು, ಹರಳು ಒಮ್ಮೆ ಉರುಳಿ ನಿಂತಿತು. ಶ್ ಎಂದು ಯಾರೂ ಅನ್ನಲಿಲ್ಲ.